ಮಂಡಿಯ ಅಳತೆ

"ಪ್ಯಾಂಟು!"

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವರ ದನಿಯಲ್ಲಿ ಉಪಮುಖ್ಯೋಪಾಧ್ಯಾಯ ಗಿಲೆಸ್ಪಿ ಆ ಮಾತನ್ನು ಉಗುಳಿದರು. ಬಾಗಿಲಲ್ಲಿ ನಿಂತಿದ್ದ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

"ಶಾಲೆಗೇ ಮೊದಲಿಗ. ಇವತ್ತು ಪದಕ ತಗೊಳ್ಳೋನು. ಬಂದಿರೋದು ನೋಡಿದ್ರೆ ಬ್ಯಾಂಕಿನ ಗುಮಾಸ್ತನ ಥರ!"

ರೂರಿ ಮನ್ರೋ ತಲೆ ತಗ್ಗಿಸಿದ. ಕರಿಯ ಪ್ಯಾಂಟು ಹೊಸದು. ಇಸ್ತ್ರಿಯ ಗೆರೆ ಕೂಡ ಅಳಿಸಿರಲಿಲ್ಲ.

ಬೀಳ್ಕೊಡುಗೆಯ ಔತಣಕ್ಕೆ ಹುಡುಗರು ಆ ನಾಡಿನ ಗಂಡಸರ ನೆರಿಗೆಲಂಗವಾದ ಕಿಲ್ಟು ಉಟ್ಟೇ ಬರಬೇಕೆಂಬ ನಿಯಮ ಎಲ್ಲೂ ಇರಲಿಲ್ಲ. ಗಿಲೆಸ್ಪಿ ಇದ್ದರು, ಅಷ್ಟು ಸಾಕಿತ್ತು. ಪ್ರತಿ ವರ್ಷ ಬಾಗಿಲಲ್ಲಿ ನಿಂತು ಒಬ್ಬೊಬ್ಬನನ್ನೂ ಮಂಡಿಯೂರಿಸುತ್ತಿದ್ದರು. ಕಿಲ್ಟಿನ ಅಂಚು ನೆಲದಿಂದ ಒಂದು ಬೆರಳು ಮೇಲಿರಬೇಕು. ಅಜ್ಜಂದಿರ ಕಾಲದ ಅಳತೆ ಅದು. ಸರಿಯಿದ್ದರೆ ಒಳಗೆ. ತಪ್ಪಿದ್ದರೆ ನಾಲ್ಕು ಮಾತು ತಿಂದು, ಪಟ್ಟಿ ಬಿಗಿಸಿಕೊಂಡು ಒಳಗೆ. ಅವರು ಕಲಿಸುತ್ತಿದ್ದದ್ದು ಗಣಿತ. ಲೆಕ್ಕ ತಪ್ಪಿದವನನ್ನು ಕ್ಷಮಿಸಿಯಾರು, ಅಂಚು ತಪ್ಪಿದವನನ್ನಲ್ಲ.

"ಸರ್, ನೀವು ಎಲ್ಲರ ಮಂಡಿನೂ ನೋಡ್ತೀರಾ?" ರೂರಿ ಮೆಲ್ಲನೆ ಕೇಳಿದ.

"ಕಿಲ್ಟ್ ಉಟ್ಟವರದ್ದು. ನಿನ್ನ ಮಂಡಿ ಕಟ್ಕೊಂಡು ನನಗೇನಾಗ್ಬೇಕು? ನಡಿ ಒಳಗೆ."

ಹುಡುಗ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ಕೈ ಅವನ ಹೆಗಲ ಮೇಲೆ ಬಿತ್ತು. ಬಾಯಿ ಮುಚ್ಚಿತು.

ಟಾರ್ಕಿಲ್ ಮನ್ರೋ! ಗಿಲೆಸ್ಪಿಯವರ ಮುಖ ಅರಳಿತು. ಗಂಡಸು ಅಂದರೆ ಇವನು. ಎಂಟು ಗಜದ ಅಪ್ಪಟ ಉಣ್ಣೆಯ ಕಿಲ್ಟು, ಒಂದು ನೆರಿಗೆಯೂ ಕದಲಿರಲಿಲ್ಲ. ಸೊಂಟಕ್ಕೆ ಅಂಗೈಯಗಲದ ಚರ್ಮದ ಪಟ್ಟಿ. ಬೆಳ್ಳಿಯ ಬಕಲ್ಲಿನ ಮೇಲೆ ಉಬ್ಬಿ ನಿಂತ ಸಾರಂಗದ ತಲೆ. ಒಂದು ಕೊಂಬಿನ ತುದಿ ಮಾತ್ರ ಮುರಿದಿತ್ತು.

"ನಮ್ಮ ಮುತ್ತಜ್ಜಂದು," ಎಂದ ಮನ್ರೋ, ಗಿಲೆಸ್ಪಿಯವರ ಕಣ್ಣು ಅಲ್ಲೇ ನೆಟ್ಟಿದ್ದನ್ನು ಕಂಡು. "ಯುದ್ಧದಲ್ಲಿ ಗುಂಡು ತಾಗಿ ಕೊಂಬು ಹೋಯ್ತಂತೆ. ಇವತ್ತಿಗೂ ಕೆಲಸಕ್ಕೆ ಬರುತ್ತೆ ನೋಡಿ."

"ಇಂಥಾ ಮನೇಲಿ ಹುಟ್ಟಿ ಇವನು ಹೀಗಾ?"

"ಕಿಲ್ಟ್ ಅಂದ್ರೆ ನಾಚಿಕೆ ಇವನಿಗೆ. ಎಷ್ಟು ತಿದ್ದಿದ್ರೂ ಅಷ್ಟೇ ಸರ್."

"ನಾಟಕದ ಕೋಣೇಲಿ ಶಾಲೆ ಕಿಲ್ಟುಗಳಿವೆ. ಒಂದು ಉಡಿಸಿಬಿಡ್ಲಾ?"

"ಬೇಡ!" ಎಂದ ಮನ್ರೋ ಥಟ್ಟನೆ. ಆಮೇಲೆ ನಕ್ಕ. "ಬಲವಂತ ಬೇಡ ಬಿಡಿ ಸರ್. ಹುಡುಗು ವಯಸ್ಸು."

ಎಂಥ ದೊಡ್ಡ ಮನಸ್ಸಿನ ಅಪ್ಪ, ಎಂಥ ಅಯೋಗ್ಯ ಮಗ ಎಂದುಕೊಂಡರು ಗಿಲೆಸ್ಪಿ. ಹುಲಿಯ ಹೊಟ್ಟೆಯಲ್ಲಿ ನರಿ. ಈ ಪ್ರಾಣಿ ಆಟದ ಪಿರಿಯಡ್ಡಿಗೂ ಸದಾ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿತ್ತು. ಹುಡುಗರೆಲ್ಲ ಚಡ್ಡಿಯಲ್ಲಿ ಓಡುವ ಜೂನ್ ಬಿಸಿಲಲ್ಲೂ ಇವನದು ಉದ್ದನೆಯ ಪ್ಯಾಂಟು. ಕಾಲಿಗೆ ಬಿಸಿಲು ತಾಗಿದರೆ ಕರಗುವ ಬೆಣ್ಣೆ!

ಕುರಿಮಾಂಸ, ಬಾರ್ಲಿ ಹಾಕಿದ ಸಾರು ಬಂತು. ಉಳಿದವರು ಬ್ರೆಡ್ಡಿನಲ್ಲಿ ಬಟ್ಟಲು ಒರೆಸಿ ತಿಂದು ಮುಗಿಸಿದರು. ರೂರಿ ಕುರ್ಚಿಯ ತುದಿಯಲ್ಲಿ ಕೂತು ತನ್ನ ಬಟ್ಟಲನ್ನೇ ನೋಡುತ್ತಿದ್ದ. ಹಬೆ ನಿಂತಿತು. ಅವನು ಚಮಚ ಮುಟ್ಟಲಿಲ್ಲ. ಸಾರು ಕುಡಿಯುವುದಕ್ಕೂ ಗೊತ್ತಿಲ್ಲದವನಿಗೆ ಪದಕ ಬೇರೆ ಎಂದು ಗಿಲೆಸ್ಪಿ ಹಲ್ಲು ಕಡಿದರು.

ತಂದೆತಾಯಿಯರ ಪರವಾಗಿ ಶುಭ ಕೋರಲು ಮನ್ರೋ ಗ್ಲಾಸು ಎತ್ತಿ ಎದ್ದು ನಿಂತ. ಸಭೆ ಸ್ತಬ್ಧವಾಯಿತು.

"ಹುಡುಗರನ್ನ ಗಂಡಸರನ್ನಾಗಿ ಮಾಡೋದು ಹೇಗೆ ಅಂತ ಜನ ನನ್ನ ಕೇಳ್ತಾರೆ..."

ಆಗಲೇ ರೂರಿಯ ಬಟ್ಟಲು ಮಗುಚಿತು. ಸಾರೆಲ್ಲ ನೇರ ಅವನ ಮಡಿಲಿಗೆ. ಪ್ಯಾಂಟು ಮಂಡಿಯವರೆಗೂ ತೊಯ್ದುಹೋಯಿತು. ಸಭೆಗೆ ಸಭೆಯೇ ನಕ್ಕಿತು. ಮನ್ರೋ ಮಾತ್ರ ನಗಲಿಲ್ಲ. ಅವನ ಮಾತು ಒಂದು ಕ್ಷಣ ತಡೆಯಿತು. ಆದರೆ ಎಲ್ಲರ ಗ್ಲಾಸುಗಳೂ ಅವನಿಗಾಗಿ ಎದ್ದಿದ್ದವು, ಅವನು ಮುಂದುವರಿಸಲೇಬೇಕಾಯಿತು.

"ಕೈಯಲ್ಲಿ ಜೀವ ಇಲ್ವೇನೋ ನಿಂಗೆ?" ಗಿಲೆಸ್ಪಿ ಹುಡುಗನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು. ಒಳಗೊಳಗೇ ಅವರಿಗೆ ಖುಷಿ. "ಈಗ ಕಿಲ್ಟ್ ಉಡದೆ ಎಲ್ಲಿಗೆ ಹೋಗ್ತೀಯ ನೋಡ್ತೀನಿ. ಒದ್ದೆ ಪ್ಯಾಂಟಲ್ಲಿ ಪದಕ ಕೊಡೋಕಾಗಲ್ಲ!"



ನಾಟಕದ ಕೋಣೆಯಲ್ಲಿ ಸಾಲಾಗಿ ಕಿಲ್ಟುಗಳು ನೇತಾಡುತ್ತಿದ್ದವು. ಹುಡುಗ ತಡಕಾಡಲಿಲ್ಲ. ನೇರ ಹೋಗಿ ಎಲ್ಲಕ್ಕಿಂತ ಗಿಡ್ಡನೆಯದನ್ನು ಎತ್ತಿಕೊಂಡ.

"ಅದು ಸಣ್ಣ ತರಗತಿಯವರದ್ದು ಕಣೋ ದಡ್ಡ! ಶಾಲೆಗೇ ಮೊದಲಿಗನಂತೆ, ತನ್ನ ಅಳತೆ ತನಗೇ ಗೊತ್ತಿಲ್ಲ!"

"ಇದೇ ಇರ್ಲಿ ಸರ್."

ಅವನು ಪರದೆಯ ಹಿಂದೆ ಹೋದ. ಕಡ್ಡಿಯಂಥ ಸೊಂಟಕ್ಕೆ ಪಟ್ಟಿ ಹೇಗೋ ಸುತ್ತಿ ಬಂತು. ಗೋಡೆಯಾಚೆ ಮನ್ರೋ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದ. ಚಪ್ಪಾಳೆ ಕೇಳಿಸಿತು.

ಹೊರಬಂದ ರೂರಿ ಹೇಳಿಸಿಕೊಳ್ಳದೆಯೇ ಗಿಲೆಸ್ಪಿಯವರ ಮುಂದೆ ಮಂಡಿಯೂರಿದ. ಹಲ್ಲು ಕಚ್ಚಿ, ಒಂದೊಂದೇ ಕಾಲು ಮಡಚಿ, ಮುದುಕನ ಹಾಗೆ. ಗಿಲೆಸ್ಪಿ ಅದಕ್ಕೂ ಮೂಗು ಮುರಿದರು. ಅಭ್ಯಾಸದಂತೆ ಬೆರಳು ಚಾಚಿ ಬಗ್ಗಿದರು.

"ಒಂದು ಬೆರಳಲ್ಲ, ಒಂದು ಗೇಣು ಮೇಲಿದೆ! ಇದನ್ನ ಉಟ್ಕೊಂಡು ವೇದಿಕೆ ಮೇಲೆ..."

ಮಾತು ಅಲ್ಲಿಗೇ ನಿಂತಿತು. ಚಾಚಿದ ಬೆರಳು ಚಾಚಿದಂತೆಯೇ ಉಳಿಯಿತು.

"ಸರಿಯಾಗಿ ನೋಡಿ ಸರ್," ಎಂದ ರೂರಿ. "ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ಅದಕ್ಕೇ ಸಾರು ಆರೋವರೆಗೂ ಕಾದು ಚೆಲ್ಕೊಂಡೆ."

ಮಂಡಿಯಿಂದ ಮೇಲಕ್ಕೆ, ಎರಡೂ ತೊಡೆಗಳ ಮೇಲೆ, ಹಳೆಯದರ ಮೇಲೆ ಹೊಸದಾಗಿ, ನೀಲಿಗಟ್ಟಿ ಮೂಡಿದ್ದವು ಸಾರಂಗದ ತಲೆಗಳು. ಒಂದೊಂದರಲ್ಲೂ ಒಂದು ಕೊಂಬಿನ ತುದಿ ಮುರಿದಿತ್ತು.