ಮೂರು ಬರಗಾಲ ಕಂಡ ಕೊಕ್ಕು

"ನಮ್ಮ ಗುಬ್ಬಿಗಳ ಕೊಕ್ಕು ಬೆಳೀತಾನೇ ಇಲ್ಲ ಸಾರ್," ಎಂದಳು ಸಂಶೋಧನಾ ವಿದ್ಯಾರ್ಥಿನಿ.

ಅವಳ ಪ್ರಬಂಧಕ್ಕೆ ಸಹಿ ಹಾಕಲು ಪೆನ್ನೆತ್ತಿದ್ದ ಪ್ರೊಫೆಸರರ ಕೈ ಅಲ್ಲೇ ನಿಂತಿತು. ಆ ಸಹಿ ಬೀಳದಿದ್ದರೆ ಅವಳ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗೋಡೆಯ ಮೇಲೆ ಪ್ರೊಫೆಸರರಿಗೆ ಹೆಸರು ತಂದ ನಕ್ಷೆ ತೂಗುತ್ತಿತ್ತು. ಇಪ್ಪತ್ತೈದು ವರ್ಷ ಅವರೇ ಖುದ್ದಾಗಿ ಅಳೆದ ಕೊಕ್ಕುಗಳು ವರ್ಷವರ್ಷವೂ ಕೂದಲೆಳೆಯಷ್ಟು ಉದ್ದವಾಗುತ್ತ ಹೋಗಿ, ಮೂರು ಸಲ ಮಾತ್ರ ದಿಢೀರನೆ ಗಿಡ್ಡವಾಗಿದ್ದವು. ಅಲ್ಲೆಲ್ಲ ಕೆಂಪು ಶಾಯಿಯಲ್ಲಿ 'ಬರಗಾಲ' ಎಂದು ಬರೆದಿತ್ತು. ವಿಕಾಸ ನಮ್ಮ ಕಣ್ಣೆದುರೇ ನಡೆಯುತ್ತಿದೆ ಎಂಬುದಕ್ಕೆ ಇದೇ ಪುರಾವೆ ಎಂದು ಅವರು ಏಳು ದೇಶಗಳಲ್ಲಿ ಭಾಷಣ ಬಿಗಿದಿದ್ದರು. ಪುಣ್ಯಕ್ಕೆ ಅಲ್ಲಿಗೆ ಗುಬ್ಬಿಗಳನ್ನು ಯಾರೂ ಕರೆದಿರಲಿಲ್ಲ.

"ಆ ಮೂರೂ ವರ್ಷ ಒಳ್ಳೇ ಮಳೆಯಾಗಿದೆ ಸಾರ್. ನಿನ್ನೆ ನೀವು ಅಳೆದ ಹಕ್ಕೀನೇ ಬಿಡೋ ಮುಂಚೆ ನಾನೂ ಅಳೆದೆ. ನಿಮ್ಮ ಅಳತೆಗಿಂತ ಒಂದು ಮಿಲಿಮೀಟರ್ ಕಮ್ಮಿ."

"ನಿನ್ನ ಕೈ ಜಾರಿರಬೇಕು."

ಬಾಗಿಲ ಬಳಿ ಬಲೆಯ ಸಿಕ್ಕು ಬಿಡಿಸುತ್ತಿದ್ದ ಮುದುಕ ಕೆಮ್ಮಿದ. ಇಷ್ಟೂ ವರ್ಷ ಹಕ್ಕಿ ಹಿಡಿದುಕೊಟ್ಟವನು ಅವನೇ. "ಗರಿ ಮುಗಿದ ಕಡೆಯಿಂದ ತಾನೇ ಕೊಕ್ಕು ಸಾಹೇಬ್ರೇ? ಕಣ್ಣು ಮಂಜಾದಷ್ಟೂ ನಿಮ್ಮ ಅಳೆಯೋ ಕ್ಯಾಲಿಪರ್ ಗರಿಯೊಳಗೆ ನುಗ್ತಾ ಹೋಗುತ್ತೆ. ಹೊಸ ಕನ್ನಡಕ ಹಾಕಿಸಿದ ವರ್ಷ ಸರಿಯಾದ ಜಾಗಕ್ಕೆ ಬರುತ್ತೆ. ನಿಮ್ಮ ಬರಗಾಲ ಅಂದ್ರೆ ಅಷ್ಟೇ."

ವಿದ್ಯಾರ್ಥಿನಿಗೆ ನಗು ಬಂತು. ಪೆನ್ನು ನೋಡಿ ನುಂಗಿಕೊಂಡಳು.

"ಸುಮ್ನಿರಯ್ಯ! ಬಾಯಿಮಾತು ಪುರಾವೆ ಆಗಲ್ಲ. ವಿಜ್ಞಾನಕ್ಕೆ ಮುಟ್ಟಿ ನೋಡೋ ವಸ್ತು ಬೇಕು."

ಮುದುಕ ತನ್ನ ಚೀಲದಿಂದ ಎರಡು ಹಳೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಹೊಸದು ಬಂದಾಗೆಲ್ಲ ಹಳೇದು ನನಗೆ ಕೊಡ್ತಿದ್ರಲ್ಲ. ಹಕ್ಕಿ ಕಾಲಿಗೆ ಉಂಗುರ ತೊಡಿಸೋ ಹಾಗೆ ಇವಕ್ಕೂ ಇಸವಿ ಬರೆದು ಚೀಟಿ ಕಟ್ಟಿದೀನಿ. ಇಲ್ಲಿ ಕಲಿತ ಚಾಳಿ."

ಪ್ರೊಫೆಸರ್ ಚೀಟಿ ಓದಿದರು. ಎರಡು ಬರಗಾಲಕ್ಕೆ ತಾಳೆಯಾಯಿತು. ಮುಖ ಇಂಗು ತಿಂದ ಮಂಗನಂತಾದರೂ ಸಾವರಿಸಿಕೊಂಡು, "ಬರ ಮೂರು, ಕನ್ನಡಕ ಎರಡೇ. ಒಂದು ಕೊಂಡಿ ತಪ್ಪಿದೆ. ಇದನ್ನ ಯಾರೂ ಒಪ್ಪಲ್ಲ," ಎಂದರು.

ಮುದುಕ ತನ್ನ ಮೂಗಿನ ಮೇಲಿದ್ದುದನ್ನು ಬಿಚ್ಚಿ, ಚೀಟಿ ಸಮೇತ ಅವುಗಳ ಪಕ್ಕಕ್ಕಿಟ್ಟ.

"ಈಗ ಸಹಿ ಹಾಕ್ತೀರಾ ಸಾರ್?" ಎಂದಳು ವಿದ್ಯಾರ್ಥಿನಿ ಮೆಲ್ಲಗೆ.

ಪ್ರೊಫೆಸರ್ ತಮ್ಮ ಕನ್ನಡಕ ತೆಗೆದು, ಮಡಚಿ, ಜೇಬಿಗಿಳಿಸಿದರು.

"ಎಲ್ಲಿದೆಯಮ್ಮ ಮೂರು? ನನಗೇನೂ ಕಾಣಿಸ್ತಿಲ್ಲವಲ್ಲ."