ಮೂವತ್ತೆರಡರ ನಂತರ ಇಪ್ಪತ್ತೊಂಬತ್ತು

ಇಬ್ಬರು ಹೀರೋಗಳು ಕಾದಾಡಿದ ಕಾಮಿಕ್ಸ್ ಬಂದು ವಾರವಾಗಿತ್ತು. ವಾಚನಾಲಯದಲ್ಲಿ ಎಲ್ಲರೂ ಗರುಡಾಕ್ಷನೇ ಗೆದ್ದ ಎನ್ನುತ್ತಿದ್ದರು. ಉಕ್ಕುಭುಜನ ಅಭಿಮಾನಿ ವಸುಪಾಲನಿಗೆ ವಾದಿಸಿ ವಾದಿಸಿ ಸಾಕಾಯಿತು. ಹೆಂಡತಿ ತಂದುಕೊಟ್ಟಿದ್ದ ಪ್ರತಿಯನ್ನೇ ಒಯ್ದು ಮೇಜಿನ ಮೇಲೆ ಬಿಸಾಕಿದ.

"ಕೊನೇ ಪುಟ ನೋಡ್ರೋ. ಗರುಡಾಕ್ಷನ ಎದೆ ಮೇಲೆ ಯಾರ ಕಾಲಿದೆ?"

ಗೆಳೆಯ ಧರಣೇಂದ್ರ ನಿಧಾನವಾಗಿ ಹಾಳೆ ಮಗುಚಿದ. "ಪುಟದ ನಂಬರ್ ನೋಡು ಮಾರಾಯ. ಮೂವತ್ತೆರಡಾದ ಮೇಲೆ ಇಪ್ಪತ್ತೊಂಬತ್ತು ಬಂದಿದೆ. ಮೂವತ್ತೆರಡರಲ್ಲಿ ನಿನ್ನ ಉಕ್ಕುಭುಜ ಮಣ್ಣು ಮುಕ್ಕಿ ಬಿದ್ದಿದ್ದಾನೆ."

ಎಲ್ಲರೂ ನಕ್ಕರು. ವಸುಪಾಲ ಮನೆಗೆ ಬಂದವನೇ ಪೆನ್ನು ಹಿಡಿದ. "ಪ್ರೆಸ್ಸಿನವರಿಗೆ ನೆಟ್ಟಗೆ ಪಿನ್ ಹೊಡೆಯೋಕೂ ಬರಲ್ಲ. ಪತ್ರ ಬರೀತೀನಿ."

"ಅವರನ್ನ ಯಾಕೆ ಬೈತೀರಿ?" ಹೆಂಡತಿ ಊಟದ ತಟ್ಟೆ ತಂದಿಟ್ಟಳು. "ಹೋದ ಸಲ ಉಕ್ಕುಭುಜ ಸೋತಾಗ ನೀವು ಮೂರು ದಿನ ಊಟ ಬಿಟ್ಟಿದ್ರಿ. ಈ ಸಲ ಹಾಳೆ ಅದಲುಬದಲು ಮಾಡಿ ಪಿನ್ ಹೊಡೆದವಳು ನಾನೇ."