ಜಗಲಿಯ ಮೇಲಿನ ಗುಳಿಗೆ

ನನ್ನ ಬಿ.ಪಿ. ಗುಳಿಗೆಯನ್ನು ಅಂಗೈಗೆ ಹಾಕಿಕೊಂಡಾಗಲೆಲ್ಲ ಮೂಗು ಇಂದಿಗೂ ವಿಭೂತಿಯ ವಾಸನೆ ಹುಡುಕುತ್ತದೆ.

ನಾನು ಚಿಕ್ಕವಳಿದ್ದಾಗ, ನಮ್ಮೂರು ಮುಶಿಗೇರಿಯಲ್ಲಿ ಅದೊಂದು ಶ್ರಾವಣ ಸೋಮವಾರದ ಮಧ್ಯಾಹ್ನ. ಅಜ್ಜಿಗೂ ಬಿ.ಪಿ. ಇತ್ತು. ಒಂದು ದಿನವೂ ಗುಳಿಗೆ ತಪ್ಪಿಸಬಾರದೆಂದು ರೋಣದ ಡಾಕ್ಟರು ಹೇಳಿದ್ದರೂ ಅವಳು ಕೇಳಲಿಲ್ಲ. “ಗುಳಿಗಿ ನುಂಗಿದ್ರ ಉಪಾಸ ಕೆಡತೈತಿ,” ಎಂದು ತಲೆ ಹಿಡಿದುಕೊಂಡು ಕೌದಿಯ ಮೇಲೆ ಮಲಗಿದಳು. ಅವ್ವ ಹೇಳಿ ಹೇಳಿ ಸೋತಳು.

ನಾನು ಗುಳಿಗೆಯನ್ನು ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲಿಟ್ಟು, ಊದುಬತ್ತಿ ಬೆಳಗಿ, ಅಜ್ಜಿಯ ಒರಟು ಅಂಗೈಗೆ ಹಾಕಿದೆ. “ಪ್ರಸಾದ, ತಗೋ.”

ಅಜ್ಜಿ ಎದ್ದು ಕೂತು ನನ್ನನ್ನೇ ನೋಡಿದಳು. “ಪ್ರಸಾದ ಒಲ್ಲೆ ಅನಬಾರದವಾ,” ಎಂದು ಕಣ್ಣಿಗೊತ್ತಿಕೊಂಡು ನುಂಗಿದಳು.

ಮರುದಿನ ಉಪವಾಸವಿರಲಿಲ್ಲ. ಆದರೂ ಊಟವಾದ ಮೇಲೆ ಅಜ್ಜಿ ಜಗಲಿಯ ಮುಂದೆ ಕೂತು ನನಗೆ ಅಂಗೈ ಚಾಚಿದಳು.

“ಇವತ್ತ ಪ್ರಸಾದ ಇಲ್ಲೇನವಾ?”